ಪೆನ್‌ಡ್ರೈವ್‌ನಿಂದ ಓಎಸ್ ಹಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಗೊತ್ತಿರುವವನು ಅಂತ ಒಮ್ಮೆ ಹೆಸರು ಬಿದ್ದರೆ ಮುಗೀತು. ಫೋನಿನಲ್ಲಿ, ಪತ್ರದಲ್ಲಿ, ಮದುವೆ ಊಟದ ಸಾಲಿನಲ್ಲಿ, ಎಲ್ಲೆಲ್ಲೂ ಅದೇ ಪ್ರಶ್ನೆಗಳು. ಜಾಸ್ತಿ ಸಲ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಓಎಸ್, ಅಂದರೆ ಕಂಪ್ಯೂಟರನ್ನು ನಡೆಸುವ ವಿಂಡೋಸ್, ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್, ಇನ್‌ಸ್ಟಾಲ್ ಆಗುವುದಕ್ಕೆ ಹಿಡಿಯುವುದು ಹೆಚ್ಚೆಂದರೆ ಅರ್ಧ, ಮುಕ್ಕಾಲು ಗಂಟೆ. ಎಡವಟ್ಟು ಆಗುವುದು ಅದಕ್ಕೆ ಮುಂಚಿನ ತಯಾರಿಯಲ್ಲಿ, ಇಲ್ಲವೇ ಒಂದೇ ಒಂದು ಸ್ಕ್ರೀನಿನಲ್ಲಿ: ಡಿಸ್ಕ್ ಆರಿಸುವ ಸ್ಕ್ರೀನು. ಅವಸರದಲ್ಲಿ ಇರುವವರು ಅದೊಂದನ್ನಾದರೂ ಓದಿ.

## ಮೊದಮೊದಲು ಕೇಳುವವು

ಪೆನ್‌ಡ್ರೈವ್‌ನಿಂದ ಓಎಸ್ ಹಾಕೋದು ಅಂದ್ರೆ ಏನು? ಆಮೇಲೂ ಪೆನ್‌ಡ್ರೈವ್ ಸಿಕ್ಕಿಸಿಕೊಂಡೇ ಇರ್ಬೇಕಾ?

ಬೇಡ. ಪೆನ್‌ಡ್ರೈವ್‌ನಲ್ಲಿ ಇರುವುದು ಇನ್‌ಸ್ಟಾಲರ್ ಮಾತ್ರ. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಮದರ್‌ಬೋರ್ಡಿನಲ್ಲಿರುವ ಒಂದು ಪುಟ್ಟ ಪ್ರೋಗ್ರಾಂ ಎದ್ದು, ಯಾವ ಡಿಸ್ಕಿನಿಂದ ಶುರು ಮಾಡಲಿ ಅಂತ ಹುಡುಕುತ್ತದೆ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯೋಸ್, ಈಗಿನವುಗಳಲ್ಲಿ ಯುಇಎಫ್‌ಐ. ಬಾಯಿಮಾತಿನಲ್ಲಿ ಎಲ್ಲರೂ ಎರಡಕ್ಕೂ ಬಯೋಸ್ ಅಂತಲೇ ಅನ್ನುತ್ತಾರೆ. ನಾವು ಅದಕ್ಕೆ ಪೆನ್‌ಡ್ರೈವ್ ತೋರಿಸುತ್ತೇವೆ. ಅಲ್ಲಿಂದ ಇನ್‌ಸ್ಟಾಲರ್ ಎದ್ದು (ಹೀಗೆ ಎದ್ದೇಳುವುದಕ್ಕೇ ಬೂಟ್ ಆಗುವುದು ಅನ್ನುವುದು), ಓಎಸ್ ಅನ್ನು ಒಳಗಿನ ಡಿಸ್ಕಿಗೆ ಇಳಿಸುತ್ತದೆ. ಆಮೇಲೆ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು.

ಎಷ್ಟು ಜಿಬಿ ಪೆನ್‌ಡ್ರೈವ್ ಬೇಕು? ಮನೇಲಿ 4 ಜಿಬಿದು ಒಂದಿದೆ.

ವಿಂಡೋಸ್ 10 ಅಥವಾ 11ಕ್ಕೆ ಮೈಕ್ರೋಸಾಫ್ಟ್ ಕೇಳುವುದು ಕನಿಷ್ಠ 8 ಜಿಬಿ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04ರ ಡೆಸ್ಕ್‌ಟಾಪ್ ಫೈಲು 5 ಜಿಬಿ ದಾಟಿದೆ, ಅದಕ್ಕೂ 8 ಜಿಬಿಯದೇ ಬೇಕು. ಲಿನಕ್ಸ್ ಮಿಂಟ್ 3 ಜಿಬಿ ಆಸುಪಾಸು, ನಿಮ್ಮ 4 ಜಿಬಿಯಲ್ಲಿ ಕೂರುತ್ತದೆ. ಆದರೆ ಆ ಕಾಲದ ಪೆನ್‌ಡ್ರೈವ್ ತುಂಬಾ ನಿಧಾನ. ತೆಗೆದುಕೊಳ್ಳುವುದಾದರೆ 16 ಅಥವಾ 32 ಜಿಬಿಯ ಯುಎಸ್‌ಬಿ 3 ಪೆನ್‌ಡ್ರೈವ್ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. ಹೊರಗೆ 64 ಜಿಬಿ ಅಂತ ಬರೆದು ಒಳಗೆ 8 ಜಿಬಿಯೂ ಇಲ್ಲದ ನಕಲಿ ಪೆನ್‌ಡ್ರೈವ್‌ಗಳು ಸಿಗುತ್ತವೆ. ಕಾಪಿ ಆದಂತೆ ತೋರಿಸಿ, ಇನ್‌ಸ್ಟಾಲ್ ಮಧ್ಯದಲ್ಲಿ ಫೈಲು ಸಿಗುತ್ತಿಲ್ಲ ಅಂತ ನಿಲ್ಲುತ್ತವೆ.

ಐಎಸ್‌ಒ ಫೈಲನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಬೂಟ್ ಆಗ್ತಾನೇ ಇಲ್ಲ. ಯಾಕೆ?

ಐಎಸ್‌ಒ ಅಂದರೆ ಇಡೀ ಒಂದು ಡಿಸ್ಕನ್ನು ಒಂದೇ ಫೈಲಿನಲ್ಲಿ ಕಟ್ಟಿದ ಗಂಟು. ಗಂಟನ್ನು ಬಿಚ್ಚದೆ ಹಾಗೇ ಇಟ್ಟರೆ ಬಯೋಸ್‌ಗೆ ಅದು ಇನ್ನೊಂದು ಸಿನಿಮಾ ಫೈಲಿನಷ್ಟೇ. ಯುಇಎಫ್‌ಐ ಹುಡುಕುವುದು ಪೆನ್‌ಡ್ರೈವ್‌ನೊಳಗೆ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರೊಳಗೆ ಒಂದು ಗೊತ್ತಾದ ಹೆಸರಿನ ಫೈಲು. ಅದು ಆ ಜಾಗದಲ್ಲಿ ಸಿಗದಿದ್ದರೆ ಈ ಪೆನ್‌ಡ್ರೈವ್‌ನಲ್ಲಿ ಏನೂ ಇಲ್ಲ ಅಂದುಕೊಂಡು ಮುಂದೆ ಹೋಗುತ್ತದೆ. ಗಂಟು ಬಿಚ್ಚಿ ಸರಿಯಾದ ಜಾಗದಲ್ಲಿ ಇಡುವ ಕೆಲಸಕ್ಕೇ ರೂಫಸ್, ಎಚರ್ ತರಹದ ಸಾಫ್ಟ್‌ವೇರ್ ಇರುವುದು.

ನನ್ನ ಫೋಟೋ, ಫೈಲ್ ಎಲ್ಲಾ ಹೋಗ್ಬಿಡ್ತವಾ?

ಹೋಗುತ್ತವೆ ಅಂತಲೇ ಇಟ್ಟುಕೊಂಡು ಶುರು ಮಾಡಿ. ಎರಡು ಕಡೆ ಹೋಗುತ್ತವೆ. ಪೆನ್‌ಡ್ರೈವ್ ತಯಾರು ಮಾಡುವಾಗ ಅದರಲ್ಲಿದ್ದದ್ದೆಲ್ಲ ಅಳಿಸುತ್ತದೆ. ಇನ್‌ಸ್ಟಾಲ್ ಮಾಡುವಾಗ ನೀವು ಆರಿಸಿದ ಡಿಸ್ಕು ಅಥವಾ ಅದರ ಒಂದು ಭಾಗ (ಪಾರ್ಟಿಶನ್) ಅಳಿಸುತ್ತದೆ. 'ಡಿ ಡ್ರೈವ್‌ನಲ್ಲಿ ಇಟ್ಟಿದ್ದೀನಿ, ಅದಕ್ಕೇನೂ ಆಗಲ್ಲ' ಅನ್ನುವವರು ಬಹಳ. ಆದರೆ ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ ಆಗಿರಬಹುದು. ಇಡೀ ಡಿಸ್ಕ್ ಅಳಿಸಿದರೆ ಎರಡೂ ಹೋದವು.

ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಲಿ, ಇನ್‌ಸ್ಟಾಲ್ ಮಾಡುವಾಗ ಆ ಡಿಸ್ಕು ಕಂಪ್ಯೂಟರಿಗೆ ಸಿಕ್ಕಿಸಿರದೇ ಇರಲಿ. ಬ್ರೌಸರ್ ಬುಕ್‌ಮಾರ್ಕ್, ಸೇವ್ ಮಾಡಿದ ಪಾಸ್‌ವರ್ಡ್, ಡೆಸ್ಕ್‌ಟಾಪ್ ಮೇಲೆ ಬಿಸಾಕಿದ ಫೈಲು, ಡೌನ್‌ಲೋಡ್ಸ್ ಫೋಲ್ಡರ್, ಮರೆಯುವುದು ಯಾವಾಗಲೂ ಇವೇ.

ಸ್ನೇಹಿತನ ಹತ್ರ ಐಎಸ್‌ಒ ಇದೆ. ಅದನ್ನೇ ಹಾಕ್ಬಹುದಾ?

ಬೇಡ. ವಿಂಡೋಸ್‌ನ ಐಎಸ್‌ಒ ಮೈಕ್ರೋಸಾಫ್ಟ್‌ನ ಸೈಟಿನಲ್ಲೇ ಸಿಗುತ್ತದೆ, ಡೌನ್‌ಲೋಡಿಗೆ ದುಡ್ಡಿಲ್ಲ. ಲಿನಕ್ಸ್ ಅಂತೂ ಪೂರ್ತಿ ಫ್ರೀ. ಇಡೀ ಕಂಪ್ಯೂಟರಿನ ಬೀಗದ ಕೈ ಓಎಸ್‌ನ ಕೈಲಿರುತ್ತದೆ. ಯಾರೋ ಒಳಗೆ ಏನೋ ಸೇರಿಸಿದ ಕಾಪಿಯನ್ನು ಯಾಕೆ ಹಾಕಿಕೊಳ್ಳಬೇಕು, ಅಲ್ವಾ?

ಇಳಿಸಿಕೊಂಡ ಫೈಲು ಪೂರ್ತಿ ಬಂದಿದೆಯಾ ಅಂತ ನೋಡಲು ಚೆಕ್‌ಸಮ್ ಇದೆ. ಲಿನಕ್ಸ್ ಸೈಟುಗಳು ಎಸ್‌ಎಚ್‌ಎ-256 ಅಂತ 64 ಅಕ್ಷರಗಳ ಒಂದು ಸಾಲು ಕೊಟ್ಟಿರುತ್ತವೆ. ನಿಮ್ಮ ಫೈಲಿನ ಸಾಲನ್ನು ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಕಮಾಂಡಿನಿಂದ ತೆಗೆಯಬಹುದು. ಒಂದಕ್ಷರ ಬೇರೆ ಇದ್ದರೂ ಮತ್ತೆ ಇಳಿಸಿಕೊಳ್ಳಿ. ಎರಡು ನಿಮಿಷದ ಕೆಲಸ.

## ಪೆನ್‌ಡ್ರೈವ್ ತಯಾರಿ, ಬೂಟ್ ಮಾಡುವುದು

ರೂಫಸ್, ಎಚರ್, ವೆಂಟಾಯ್, ಮೀಡಿಯಾ ಕ್ರಿಯೇಶನ್ ಟೂಲ್... ಯಾವ್ದು ಬಳಸ್ಲಿ?

ವಿಂಡೋಸ್ ಒಂದೇ ಬೇಕು, ತಲೆನೋವು ಬೇಡ ಅಂದರೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್. ಅದೇ ಇಳಿಸಿಕೊಂಡು ಅದೇ ಬರೆಯುತ್ತದೆ. ವಿಂಡೋಸ್ ಮತ್ತು ಲಿನಕ್ಸ್ ಎರಡಕ್ಕೂ ಬೇಕು ಅಂದರೆ ರೂಫಸ್, ಆದರೆ ಅದು ಓಡುವುದು ವಿಂಡೋಸ್ ಮೇಲೆ ಮಾತ್ರ. ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಕೂತು ಲಿನಕ್ಸ್ ಪೆನ್‌ಡ್ರೈವ್ ಮಾಡುವವರಿಗೆ ಎಚರ್ ಸುಲಭ. ಎಚರ್‌ನಲ್ಲಿ ವಿಂಡೋಸ್ ಐಎಸ್‌ಒ ಬರೆಯಲು ಹೋಗಬೇಡಿ, ಬರೆದರೂ ಬೂಟ್ ಆಗುವುದಿಲ್ಲ.

ನನ್ನ ಜೇಬಿನಲ್ಲಿ ಇರುವುದು ವೆಂಟಾಯ್ ಹಾಕಿದ ಪೆನ್‌ಡ್ರೈವ್. ಒಮ್ಮೆ ವೆಂಟಾಯ್ ಹಾಕಿದರೆ ಆಮೇಲೆ ಐಎಸ್‌ಒಗಳನ್ನು ಸುಮ್ನೆ ಕಾಪಿ ಮಾಡಿದರೆ ಸಾಕು. ಬೂಟ್ ಮಾಡಿದಾಗ ಯಾವುದು ಬೇಕು ಅಂತ ಪಟ್ಟಿ ತೋರಿಸುತ್ತದೆ. ಸೆಕ್ಯೂರ್ ಬೂಟ್ (ಒಪ್ಪಿದ ಸಹಿ ಇಲ್ಲದ್ದನ್ನು ಬೂಟ್ ಆಗಲು ಬಿಡದ ಕಾವಲು) ಇರುವ ಯಂತ್ರದಲ್ಲಿ ಮೊದಲ ಸಲ ಅದರ ಕೀ ಒಪ್ಪಿಕೊಳ್ಳುವ ಒಂದು ನೀಲಿ ಸ್ಕ್ರೀನು ಬರುತ್ತದೆ. ಅಲ್ಲಿ ಹೊಸಬರು ಕಕ್ಕಾಬಿಕ್ಕಿ ಆಗುತ್ತಾರೆ, ಅದಕ್ಕೇ ಮೊದಲ ಸಲಕ್ಕೆ ಇದನ್ನು ಹೇಳುವುದಿಲ್ಲ.

ರೂಫಸ್ ಎಂಬಿಆರ್ ಬೇಕಾ ಜಿಪಿಟಿ ಬೇಕಾ ಅಂತ ಕೇಳುತ್ತೆ. ಏನ್ ಒತ್ಲಿ?

ಡಿಸ್ಕಿನ ಭಾಗಗಳ ಪಟ್ಟಿ ಬರೆದಿಡುವ ಎರಡು ಬಗೆ ಇವು. ಯುಇಎಫ್‌ಐ ಇರುವ ಯಂತ್ರಕ್ಕೆ ಜಿಪಿಟಿ, ಹಳೆಯ ಬಯೋಸ್‌ಗೆ ಎಂಬಿಆರ್. ವಿಂಡೋಸ್ 8 ಬಂದ 2012ರಿಂದ ಈಚೆಗಿನ ಲ್ಯಾಪ್‌ಟಾಪ್ ಆದರೆ ಹೆಚ್ಚೂಕಡಿಮೆ ಯುಇಎಫ್‌ಐ ಅಂತಲೇ ಲೆಕ್ಕ. ಈಗ ವಿಂಡೋಸ್ ಓಡುತ್ತಿದ್ದರೆ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯೋಸ್ ಮೋಡ್ ಅಂತ ಇರುವ ಸಾಲು ನೋಡಿ. ಯುಇಎಫ್‌ಐ ಅಥವಾ ಲೆಗಸಿ ಅಂತ ಬರೆದಿರುತ್ತದೆ.

ಇಲ್ಲಿ ತಪ್ಪಿದರೆ ಮುಂದೆ ವಿಂಡೋಸ್ ಇನ್‌ಸ್ಟಾಲರ್ 'ಈ ಡಿಸ್ಕಿನಲ್ಲಿ ಹಾಕಲು ಆಗುವುದಿಲ್ಲ' ಅಂತ ಮುನಿಸಿಕೊಳ್ಳುತ್ತದೆ. ಪೆನ್‌ಡ್ರೈವ್ ಯುಇಎಫ್‌ಐನಲ್ಲಿ ಎದ್ದು ಒಳಗಿನ ಡಿಸ್ಕು ಎಂಬಿಆರ್ ಆಗಿದ್ದರೂ ಇದೇ ಗತಿ. ಕೆಲವು ಬೂಟ್ ಮೆನುಗಳಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ, ಒಂದರ ಹಿಂದೆ ಮಾತ್ರ ಯುಇಎಫ್‌ಐ ಅಂತ ಇರುತ್ತದೆ. ಹೊಸ ಯಂತ್ರದಲ್ಲಿ ಅದನ್ನೇ ಆರಿಸಿ.

ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡಿದ್ರೂ ಹಳೇ ವಿಂಡೋಸೇ ಬರ್ತಿದೆ. ಯಾವ ಕೀ ಒತ್ಬೇಕು?

ಆನ್ ಮಾಡಿದ ಕ್ಷಣದಿಂದ ಬೂಟ್ ಮೆನು ಕೀಯನ್ನು ಟಪಟಪ ಒತ್ತುತ್ತಾ ಇರಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್, ಎಂಎಸ್‌ಐನಲ್ಲಿ ಎಫ್11. ಏಸರ್‌ನಲ್ಲೂ ಎಫ್12, ಆದರೆ ಕೆಲವು ಮಾಡೆಲ್‌ಗಳಲ್ಲಿ ಅದನ್ನು ಬಯೋಸ್ ಒಳಗೆ ಹೋಗಿ ಮೊದಲು ಆನ್ ಮಾಡಬೇಕು. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಕೀ ಜೊತೆಗೆ ಒತ್ತಬೇಕಾಗುತ್ತದೆ.

ಕೀ ಒತ್ತಿ ಒತ್ತಿ ಸಾಕಾಯಿತು ಅನ್ನುವವರಿಗೆ ಒಳದಾರಿ ಒಂದಿದೆ. ವಿಂಡೋಸ್ ಒಳಗಿದ್ದಾಗಲೇ ಶಿಫ್ಟ್ ಕೀ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿ. ನೀಲಿ ಮೆನು ಬರುತ್ತದೆ. ಅದರಲ್ಲಿ 'ಯೂಸ್ ಎ ಡಿವೈಸ್' ಆರಿಸಿ ಪೆನ್‌ಡ್ರೈವ್ ತೋರಿಸಿದರೆ ಆಯಿತು.

ಮೆನುವಿನಲ್ಲೇ ಪೆನ್‌ಡ್ರೈವ್ ಇಲ್ಲ ಅಂದರೆ ಬೇರೆ ಪೋರ್ಟಿಗೆ ಹಾಕಿ. ಹಬ್‌ಗೆ ಹಾಕಬೇಡಿ, ನೇರ ಯಂತ್ರಕ್ಕೇ ಹಾಕಿ. ಆಗಲೂ ಕಾಣದಿದ್ದರೆ ಪೆನ್‌ಡ್ರೈವನ್ನು ಮತ್ತೊಮ್ಮೆ ಬರೆಯಿರಿ.

ಸೆಕ್ಯೂರ್ ಬೂಟ್ ಆಫ್ ಮಾಡ್ಲೇಬೇಕಾ?

ವಿಂಡೋಸ್, ಉಬುಂಟು, ಫೆಡೋರಾ ಇವಕ್ಕೆ ಬೇಡ, ಸೆಕ್ಯೂರ್ ಬೂಟ್ ಇದ್ದಂತೆಯೇ ಎದ್ದೇಳುತ್ತವೆ. ಆರ್ಚ್‌ನಂಥ ಕೆಲವಕ್ಕೆ ಆಫ್ ಮಾಡಬೇಕು. ಆಫ್ ಮಾಡುವ ಮುಂಚೆ ಕೆಳಗಿನ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಪ್ರಶ್ನೆ ಓದಿಕೊಳ್ಳಿ.

ಮ್ಯಾಕ್‌ನಲ್ಲೂ ಹೀಗೇನಾ?

ಇಂಟೆಲ್ ಚಿಪ್‌ನ ಮ್ಯಾಕ್‌ನಲ್ಲಿ ಆನ್ ಮಾಡುವಾಗ ಆಪ್ಷನ್ ಕೀ ಹಿಡಿಯಬೇಕು. ಆಪಲ್‌ನದೇ ಚಿಪ್ ಇರುವ ಮ್ಯಾಕ್‌ನಲ್ಲಿ ಪವರ್ ಬಟನ್ನನ್ನೇ ಆಯ್ಕೆಗಳು ಬರುವವರೆಗೆ ಒತ್ತಿ ಹಿಡಿಯಬೇಕು. ಟಿ2 ಚಿಪ್ ಇರುವ ಇಂಟೆಲ್ ಮ್ಯಾಕ್‌ಗಳು ಹೊರಗಿನ ಡ್ರೈವ್‌ನಿಂದ ಎದ್ದೇಳುವುದನ್ನು ತಾವಾಗಿ ಬಿಡುವುದಿಲ್ಲ. ರಿಕವರಿಗೆ ಹೋಗಿ ಅನುಮತಿ ಕೊಡಬೇಕು.

## ಇನ್‌ಸ್ಟಾಲ್ ಮಾಡುವಾಗ

ಡ್ರೈವ್ 0, ಡ್ರೈವ್ 1, ಪಾರ್ಟಿಶನ್ 1, 2, 3 ಅಂತೆಲ್ಲಾ ತೋರಿಸ್ತಿದೆ. ಯಾವ್ದರ ಮೇಲೆ ಒತ್ಲಿ? ಭಯ ಆಗ್ತಿದೆ.

ಭಯ ಆಗಬೇಕಾದ ಜಾಗವೇ ಇದು. ಇದಕ್ಕೆ ಮುಂಚೆ ಏನು ತಪ್ಪು ಮಾಡಿದ್ದರೂ ವಾಪಸ್ ಬರಬಹುದು, ಇಲ್ಲಿಂದ ಮುಂದೆ ಬರಲಾಗುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಲ್ಯಾಪ್‌ಟಾಪಿನೊಳಗೆ 1 ಟಿಬಿ ಹಾರ್ಡ್ ಡಿಸ್ಕ್. ಬ್ಯಾಕಪ್ ತೆಗೆದ ಹೊರಗಿನ ಡಿಸ್ಕೂ 1 ಟಿಬಿ. ಬ್ಯಾಕಪ್ ಮುಗಿಸಿದ ಖುಷಿಯಲ್ಲಿ ಅದನ್ನು ಕಿತ್ತಿರಲಿಲ್ಲ. ಸ್ಕ್ರೀನಿನಲ್ಲಿ ಎರಡೂ 931.5 ಜಿಬಿ. ಡ್ರೈವ್ 0 ಅಂದರೆ ಒಳಗಿನದೇ ಇರಬೇಕು ಅಂತ ಅಂದುಕೊಂಡು, ಅದರ ಪಾರ್ಟಿಶನ್ ಡಿಲೀಟ್ ಮಾಡಿದೆ. ಮಾಡಿದ ಮೇಲೆ ಗಮನಕ್ಕೆ ಬಂತು, ಅದರಲ್ಲಿ ಇದ್ದದ್ದು ಒಂದೇ ಒಂದು ದೊಡ್ಡ ಪಾರ್ಟಿಶನ್. ವಿಂಡೋಸ್ ಇರುವ ಡಿಸ್ಕಿನಲ್ಲಿ ಹಾಗಿರುವುದಿಲ್ಲ. ಎದೆ ಧಸಕ್ ಅಂತು. ಪುಣ್ಯಕ್ಕೆ ಮುಂದೆ ಏನೂ ಬರೆದಿರಲಿಲ್ಲ. ಟೆಸ್ಟ್‌ಡಿಸ್ಕ್ ಎಂಬ ಸಾಫ್ಟ್‌ವೇರ್‌ನಿಂದ ಪಾರ್ಟಿಶನ್ ವಾಪಸ್ ಸಿಕ್ಕಿತು. ಆ ಸಂಜೆ ಮಾತ್ರ ಊಟ ಸೇರಲಿಲ್ಲ.

ಆವತ್ತಿನಿಂದ ಹೀಗೆ ಮಾಡುತ್ತೇನೆ. ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಒಂದನ್ನು ಬಿಟ್ಟು ಹೊರಗಿನದೆಲ್ಲ ಕೀಳುತ್ತೇನೆ, ಮೆಮೊರಿ ಕಾರ್ಡ್ ಕೂಡ. ನಂಬರ್ ನಂಬುವುದಿಲ್ಲ, ಗಾತ್ರ ನೋಡುತ್ತೇನೆ. ಕಂಪನಿಗಳು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ 256 ಜಿಬಿ ಡಿಸ್ಕು 238 ಅಂತ, 512 ಜಿಬಿಯದು 476 ಅಂತ ಕಾಣುತ್ತದೆ. ಯಾರೂ ನಿಮ್ಮ ಜಿಬಿ ಕದ್ದಿಲ್ಲ.

ಆಮೇಲೆ ಪಾರ್ಟಿಶನ್‌ಗಳ ಆಕಾರ ನೋಡಿ. ಹೊಸ ಯಂತ್ರದ ವಿಂಡೋಸ್ ಡಿಸ್ಕಿನಲ್ಲಿ ಮೊದಲು 100 ಎಂಬಿ ಅಥವಾ ಸ್ವಲ್ಪ ಜಾಸ್ತಿಯ ಸಿಸ್ಟಮ್ ಪಾರ್ಟಿಶನ್, ಆಮೇಲೆ 16 ಎಂಬಿಯ ಎಂಎಸ್‌ಆರ್, ಆಮೇಲೆ ದೊಡ್ಡದು, ಕೊನೆಗೆ ಒಂದು ರಿಕವರಿ ಇರುತ್ತದೆ. ಈ ಸಾಲು ಕಂಡರೆ ಅದೇ ನಿಮ್ಮ ಡಿಸ್ಕು.

ಪೂರ್ತಿ ಹೊಸದಾಗಿ ವಿಂಡೋಸ್ ಬೇಕು, ಡಿ ಡ್ರೈವ್ ಕೂಡ ಬೇಡ ಅಂದರೆ ಆ ಡಿಸ್ಕಿನ ಪಾರ್ಟಿಶನ್‌ಗಳನ್ನೆಲ್ಲ ಒಂದೊಂದಾಗಿ ಡಿಲೀಟ್ ಮಾಡಿ. ಕೊನೆಗೆ 'ಅನ್‌ಅಲೊಕೇಟೆಡ್' ಅಂತ ಒಂದೇ ಸಾಲು ಉಳಿಯುತ್ತದೆ. ಅದನ್ನು ಆರಿಸಿ ನೆಕ್ಸ್ಟ್ ಒತ್ತಿ. ಬೇಕಾದ ಪಾರ್ಟಿಶನ್‌ಗಳನ್ನು ಅದೇ ಮಾಡಿಕೊಳ್ಳುತ್ತದೆ. ಡಿ ಉಳಿಸಿಕೊಳ್ಳಬೇಕಾದರೆ ಅದರ ಸಾಲನ್ನು ಮುಟ್ಟಲೇಬೇಡಿ.

ಅರ್ಧ ಇನ್‌ಸ್ಟಾಲ್ ಆಗಿ ರೀಸ್ಟಾರ್ಟ್ ಆಯ್ತು. ಮತ್ತೆ ಮೊದಲಿನಿಂದ ಭಾಷೆ ಆರಿಸಿ ಅಂತಿದೆ!

ಯಂತ್ರ ಮತ್ತೆ ಪೆನ್‌ಡ್ರೈವ್‌ನಿಂದಲೇ ಎದ್ದಿದೆ, ಅಷ್ಟೇ. ಪವರ್ ಆಫ್ ಮಾಡಿ, ಪೆನ್‌ಡ್ರೈವ್ ಕಿತ್ತು, ಆನ್ ಮಾಡಿ. ನಿಲ್ಲಿಸಿದ ಕಡೆಯಿಂದ ಮುಂದುವರಿಯುತ್ತದೆ. ಒಬ್ಬರು ಹೀಗೆ ನಾಲ್ಕು ಸಲ ಪೂರ್ತಿ ಇನ್‌ಸ್ಟಾಲ್ ಮಾಡಿ ಆಮೇಲೆ ಫೋನ್ ಮಾಡಿದ್ದರು.

ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿನೇ ಕಾಣ್ತಿಲ್ಲ. ಪಟ್ಟಿ ಖಾಲಿ ಇದೆ. ಡಿಸ್ಕ್ ಹಾಳಾಯ್ತಾ?

ಹಾಳಾಗಿರುವುದು ಕಡಿಮೆ. ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗಿನ ಎಷ್ಟೋ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ವಿಎಂಡಿ ಎಂಬ ಕಂಟ್ರೋಲರ್ ಹಿಂದೆ ಕೂತಿರುತ್ತದೆ. ಅದರ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇರದಿದ್ದರೆ ಡಿಸ್ಕೇ ಕಾಣುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಿಂದ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಂಡು, ಬಿಚ್ಚಿ, ಪೆನ್‌ಡ್ರೈವ್‌ನಲ್ಲೇ ಒಂದು ಫೋಲ್ಡರಿನಲ್ಲಿ ಇಡಿ. ಆ ಸ್ಕ್ರೀನಿನಲ್ಲಿ 'ಲೋಡ್ ಡ್ರೈವರ್' ಒತ್ತಿ ಅದನ್ನು ತೋರಿಸಿದರೆ ಎಸ್‌ಎಸ್‌ಡಿ ಪ್ರತ್ಯಕ್ಷ.

ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಕಾಣುತ್ತದೆ. ಆದರೆ ಈಗಿರುವ ವಿಂಡೋಸನ್ನು ಉಳಿಸಿಕೊಳ್ಳುವ ಯೋಚನೆ ಇದ್ದರೆ ಹಾಗೆ ಮಾಡಬೇಡಿ, ಅದು ಆಮೇಲೆ ಎದ್ದೇಳದೇ ಹೋಗಬಹುದು.

ಪ್ರಾಡಕ್ಟ್ ಕೀ ಕೇಳ್ತಿದೆ. ನನ್ ಹತ್ರ ಇಲ್ಲ.

ಅದೇ ಯಂತ್ರದಲ್ಲಿ ಮುಂಚೆ ಆಕ್ಟಿವೇಟ್ ಆದ ವಿಂಡೋಸ್ ಇತ್ತಾ? ಹಾಗಾದರೆ 'ಕೀ ಇಲ್ಲ' ಅನ್ನುವುದನ್ನು ಒತ್ತಿ ಮುಂದೆ ಹೋಗಿ. ಇಂಟರ್ನೆಟ್ ಸಿಕ್ಕ ಮೇಲೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ, ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಮುಂಚೆ ಇದ್ದದ್ದು ಹೋಮ್ ಆದರೆ ಈಗಲೂ ಹೋಮ್, ಪ್ರೊ ಆದರೆ ಪ್ರೊ ಹಾಕಿ. ಬೇರೆ ಹಾಕಿದರೆ ಆಕ್ಟಿವೇಟ್ ಆಗುವುದಿಲ್ಲ.

ಹಳೇ ಲ್ಯಾಪ್‌ಟಾಪ್. ವಿಂಡೋಸ್ 11 ಇದಕ್ಕೆ ಆಗಲ್ಲ ಅಂತಿದೆ. ಏನ್ ಮಾಡ್ಲಿ?

ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗದ ಜೊತೆಗೆ ಟಿಪಿಎಂ 2.0 (ಭದ್ರತೆಯ ಕೀಗಳನ್ನು ಇಟ್ಟುಕೊಳ್ಳುವ ವ್ಯವಸ್ಥೆ) ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಗಿನದು. ಮೊದಲು ಬಯೋಸ್‌ನಲ್ಲಿ ಟಿಪಿಎಂ ಸುಮ್ನೆ ಆಫ್ ಆಗಿದೆಯಾ ನೋಡಿ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ.

ನಿಜಕ್ಕೂ ಹಳೆಯದಾದರೆ, ಈ ತಪಾಸಣೆ ತೆಗೆದುಹಾಕುವ ಆಯ್ಕೆ ರೂಫಸ್‌ನಲ್ಲಿದೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ರೌಸರ್, ವಿಡಿಯೊ, ಪತ್ರ ಬರೆಯುವುದು ಇಷ್ಟೇ ಕೆಲಸ ಅನ್ನುವವರಿಗೆ ನಾನು ಹಾಕಿಕೊಡುವುದು ಲಿನಕ್ಸ್ ಮಿಂಟ್. 4 ಜಿಬಿ ರ್‍ಯಾಮ್ ಇದ್ದರೆ ಆರಾಮಾಗಿ ಓಡುತ್ತದೆ. ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್, ಟಚ್‌ಪ್ಯಾಡ್ ಎಲ್ಲ ನೋಡಬಹುದು. ಆಗ ಡಿಸ್ಕನ್ನು ಅದು ಮುಟ್ಟುವುದಿಲ್ಲ.

## ಸ್ವಲ್ಪ ಪಳಗಿದವರು ಕೇಳುವವು

ವಿಂಡೋಸ್ ತೆಗೀದೆ ಪಕ್ಕದಲ್ಲೇ ಲಿನಕ್ಸ್ ಹಾಕ್ಬೇಕು. ಯಾವ್ದು ಮೊದ್ಲು?

ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ. ಲಿನಕ್ಸ್ ಜೊತೆ ಬರುವ ಗ್ರಬ್ (ಯಾವ ಓಎಸ್ ಬೇಕು ಅಂತ ಕೇಳುವ ಮೆನು) ವಿಂಡೋಸನ್ನೂ ತನ್ನ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ವಿಂಡೋಸ್ ಆ ಸೌಜನ್ಯ ತೋರಿಸುವುದಿಲ್ಲ.

ಜಾಗ ಬಿಡಿಸುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ, ಕನಿಷ್ಠ 50 ಜಿಬಿ ಬಿಡಿ. ಬಿಡಿಸಿದ ಜಾಗವನ್ನು ಫಾರ್ಮ್ಯಾಟ್ ಮಾಡದೆ ಖಾಲಿ ಇಡಿ. ಆಮೇಲೆ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲಿ ಇರುತ್ತದೆ. ಲಿನಕ್ಸ್‌ನಿಂದ ಆ ಪಾರ್ಟಿಶನ್ ತೆರೆದರೆ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಇನ್‌ಸ್ಟಾಲರ್‌ನಲ್ಲಿ 'ಅಲಾಂಗ್‌ಸೈಡ್' ಇರುವ ಆಯ್ಕೆ ಹಿಡಿಯಿರಿ. ಅದರ ಹತ್ತಿರವೇ 'ಇರೇಸ್ ಡಿಸ್ಕ್' ಕೂಡ ಇರುತ್ತದೆ, ಕಣ್ಣು ಬಿಟ್ಟು ಒತ್ತಿ.

ಬಯೋಸ್‌ನಲ್ಲಿ ಏನೋ ಬದಲಾಯಿಸಿದೆ. ಈಗ ಬಿಟ್‌ಲಾಕರ್ ಕೀ ಕೇಳ್ತಿದೆ. ನಾನ್ ಯಾವತ್ತೂ ಬಿಟ್‌ಲಾಕರ್ ಆನ್ ಮಾಡೇ ಇಲ್ಲ!

ನೀವು ಮಾಡಿರಲಿಕ್ಕಿಲ್ಲ, ವಿಂಡೋಸ್ ಮಾಡಿದೆ. ಎಷ್ಟೋ ಹೊಸ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಕೂಡಲೇ ಡಿಸ್ಕಿಗೆ ಬೀಗ ಬೀಳುತ್ತದೆ. ಸೆಕ್ಯೂರ್ ಬೂಟ್, ಟಿಪಿಎಂ ಬದಲಾಯಿಸಿದರೆ ಯಾರೋ ಕೈ ಹಾಕಿದ್ದಾರೆ ಅಂತ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಹಾಗೆ ತಾನಾಗಿ ಬಿದ್ದ ಬೀಗದ ಕೀ ಅದೇ ಅಕೌಂಟಿನಲ್ಲಿ ಸೇವ್ ಆಗಿರುತ್ತದೆ. ಫೋನಿನಿಂದ ಲಾಗಿನ್ ಆಗಿ ನೋಡಿ. ಬದಲಾಯಿಸಿದ್ದನ್ನು ಮೊದಲಿನಂತೆ ಮಾಡಿದರೂ ಹಲವು ಸಲ ಸುಮ್ಮನಾಗುತ್ತದೆ. ಕೀ ಎಲ್ಲೂ ಇಲ್ಲ ಅಂದರೆ ಡೇಟಾ ಹೋಯಿತು, ಅದಕ್ಕೆ ಹಿಂಬಾಗಿಲು ಇಲ್ಲ. ಅದಕ್ಕೇ ಬಯೋಸ್ ಮುಟ್ಟುವ ಮುಂಚೆ ಕೀಯನ್ನು ಕಾಗದದಲ್ಲಿ ಬರೆದಿಡಿ.

ಓಎಸ್ ಹಾಕಿದ್ಮೇಲೆ ವೈಫೈನೇ ಇಲ್ಲ. ಡ್ರೈವರ್ ಇಳಿಸೋಕೆ ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು!

ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಹೆಚ್ಚಿನ ಸಲ ಡ್ರೈವರ್ ಇಲ್ಲದೆಯೇ ನಡೆಯುತ್ತದೆ. ಲಿನಕ್ಸ್‌ನಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಇಡಿ ಅಂತ ಕೇಳಿದರೆ ನೆನಪಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನಿನಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದನ್ನೇ ಹೊಡೆಯಬೇಕು. ಆ ಸ್ಕ್ರೀನು ದಾಟಿಸಿಬಿಟ್ಟರೆ ಡ್ರೈವರ್ ಲೋಡ್ ಆಗುವುದಿಲ್ಲ.

ಲಿನಕ್ಸ್‌ಗೆ ಹೋಗಿ ವಾಪಸ್ ವಿಂಡೋಸ್‌ಗೆ ಬಂದ್ರೆ ಟೈಮ್ ತಪ್ಪಾಗಿರುತ್ತೆ. ಮದರ್‌ಬೋರ್ಡ್ ಬ್ಯಾಟರಿ ಹೋಯ್ತಾ?

ಬ್ಯಾಟರಿಗೆ ಏನೂ ಆಗಿಲ್ಲ. ಮದರ್‌ಬೋರ್ಡಿನ ಗಡಿಯಾರ ಒಂದೇ, ಓದುವವರು ಇಬ್ಬರು. ವಿಂಡೋಸ್ ಅದರಲ್ಲಿ ಸ್ಥಳೀಯ ಸಮಯ ಇದೆ ಅಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ (ಇಡೀ ಜಗತ್ತಿಗೆ ಒಂದೇ ಆದ ಸಮಯ) ಇದೆ ಅಂದುಕೊಳ್ಳುತ್ತದೆ. ನಿಮ್ಮ ಊರಿಗೂ ಯುಟಿಸಿಗೂ ಎಷ್ಟು ಗಂಟೆ ವ್ಯತ್ಯಾಸವೋ ಅಷ್ಟೇ ತಪ್ಪು ಕಾಣುತ್ತದೆ. ಲಿನಕ್ಸ್‌ನ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಿಂದ ಅದಕ್ಕೂ ಸ್ಥಳೀಯ ಸಮಯವನ್ನೇ ಬಳಸು ಅಂತ ಹೇಳಿದರೆ ಜಗಳ ನಿಲ್ಲುತ್ತದೆ.

ಎಲ್ಲಾ ಆಯ್ತು. 32 ಜಿಬಿ ಪೆನ್‌ಡ್ರೈವ್ ಈಗ ಕೆಲವೇ ಎಂಬಿ ಅಂತ ತೋರಿಸ್ತಿದೆ. ಉಳಿದಿದ್ದು ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ಲಿನಕ್ಸ್ ಐಎಸ್‌ಒ ಬರೆದಾಗ ಅದರ ಪಾರ್ಟಿಶನ್‌ಗಳೂ ಪೆನ್‌ಡ್ರೈವ್‌ಗೆ ಬಂದಿವೆ. ವಿಂಡೋಸ್‌ಗೆ ಅರ್ಥ ಆಗುವುದು ಅದರಲ್ಲಿ ಸಣ್ಣದೊಂದು ಮಾತ್ರ. ಉಳಿದದ್ದನ್ನು ಫಾರ್ಮ್ಯಾಟ್ ಮಾಡಲಾ ಅಂತ ಬೇರೆ ಕೇಳುತ್ತಿರುತ್ತದೆ. ಮತ್ತೆ ರೂಫಸ್ ತೆರೆದು, 'ನಾನ್ ಬೂಟಬಲ್' ಆರಿಸಿ, ಸ್ಟಾರ್ಟ್ ಒತ್ತಿ. ಪೆನ್‌ಡ್ರೈವ್ ಪೂರ್ತಿ ವಾಪಸ್. ವಿಂಡೋಸ್‌ನಲ್ಲೇ ಇರುವ ಡಿಸ್ಕ್‌ಪಾರ್ಟ್‌ನ ಕ್ಲೀನ್ ಕಮಾಂಡೂ ಹಳೆಯ ಪಾರ್ಟಿಶನ್‌ಗಳನ್ನೆಲ್ಲ ಅಳಿಸುತ್ತದೆ, ಆಮೇಲೆ ಹೊಸ ಪಾರ್ಟಿಶನ್ ಮಾಡಿ ಫಾರ್ಮ್ಯಾಟ್ ಮಾಡಬೇಕು. ಆದರೆ ಅಲ್ಲೂ ಮೊದಲು ಡಿಸ್ಕ್ ನಂಬರ್ ಕೇಳುತ್ತದೆ, ಖಚಿತವಾ ಅಂತ ಎರಡನೇ ಸಲ ಕೇಳುವುದಿಲ್ಲ.